ಅಟ್ಟದ ಮೇಲಿನ ಗಿಟಾರ್ ಎಷ್ಟು ಬಾಳುತ್ತದೆ?

1964ರ ಫೆಬ್ರವರಿ 9ರ ಭಾನುವಾರ ರಾತ್ರಿ ಅಮೆರಿಕದಲ್ಲಿ ಸುಮಾರು 7 ಕೋಟಿ 30 ಲಕ್ಷ ಜನ ಟಿವಿ ಮುಂದೆ ಕೂತಿದ್ದರು. ಎಡ್ ಸಲಿವನ್ ಶೋನಲ್ಲಿ ಅಂದು ಇಂಗ್ಲೆಂಡಿನ ಬೀಟಲ್ಸ್ ತಂಡದವರು ಹಾಡಿದರು. ಆಮೇಲಿನ ದಿನಗಳಲ್ಲಿ ದೇಶದ ತುಂಬ ಹರೆಯದವರಿಗೆ ಗಿಟಾರ್ ಹುಚ್ಚು ಹಿಡಿಯಿತು. ಹುಲ್ಲು ಕತ್ತರಿಸಿ, ಪೇಪರ್ ಹಾಕಿ ಕೂಡಿಟ್ಟ ದುಡ್ಡೆಲ್ಲ ಗಿಟಾರ್ ಅಂಗಡಿಗೆ ಹೋಯಿತು. ಆ ಹುಡುಗರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಕೆಲವರು ತೀರಿಕೊಂಡಿದ್ದಾರೆ, ಕೆಲವರು ದೊಡ್ಡ ಮನೆ ಖಾಲಿ ಮಾಡಿ ಮಕ್ಕಳ ಊರಿನ ಸಣ್ಣ ಮನೆ ಸೇರುತ್ತಿದ್ದಾರೆ. ಅಟ್ಟದ ಮೇಲೆ, ಮಂಚದ ಕೆಳಗೆ ದಶಕಗಟ್ಟಲೆ ಬಿದ್ದಿದ್ದ ಅವರ ಗಿಟಾರ್ ಪೆಟ್ಟಿಗೆಗಳು ಮಕ್ಕಳ, ಮೊಮ್ಮಕ್ಕಳ ಪಾಲಿಗೆ ಬರುತ್ತಿವೆ.

ಪೆಟ್ಟಿಗೆ ತೆರೆದವರಲ್ಲಿ ಅನೇಕರಿಗೆ ಗಿಟಾರ್ ನುಡಿಸಲು ಬಾರದು. ಅದು ಯಾವ ಕಾಲದ್ದು, ಮಾರಿದರೆ ನೂರು ಡಾಲರ್ ಬಂದೀತೋ ಲಕ್ಷ ಡಾಲರ್ ಬಂದೀತೋ ಎಂಬ ಅಂದಾಜೂ ಇರುವುದಿಲ್ಲ. ಅಪ್ಪನ ಗಿಟಾರ್ ಎಂಬ ಅಕ್ಕರೆಯಿಂದ ಧೂಳು ಒರೆಸುತ್ತಾರೆ, ಪಾಲಿಶ್ ಹಾಕಿ ಉಜ್ಜುತ್ತಾರೆ, ತುಕ್ಕು ಹಿಡಿದ ಸ್ಕ್ರೂ ಕಿತ್ತು ಹೊಸದು ಹಾಕುತ್ತಾರೆ. ಮಾಸಿದ ಬಣ್ಣ ಕೆರೆಸಿ ಹೊಸ ಬಣ್ಣ ಹೊಡೆಸುವವರೂ ಉಂಟು. ಹಳೆಯ ಗಿಟಾರ್‌ಗೆ ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನದ ಬಣ್ಣ, ಬೆಸುಗೆ, ಬಿರಡೆ ಎಲ್ಲವೂ ಹಾಗೆಯೇ ಉಳಿದಿವೆ ಎಂಬುದಕ್ಕೇ ಈ ಪೇಟೆಯಲ್ಲಿ ಜನ ಹಣ ಕೊಡುವುದು. ಬಲ್ಲವರು ನೋಡುವ ತನಕ ವಾರಸುದಾರರು ಅದಕ್ಕೆ ಕೈ ಹಚ್ಚದಿದ್ದರೆ ಅರ್ಧ ಗೆದ್ದಂತೆ.

ಮೊದಲು ಒಂದು ಮಾತನ್ನು ಬಿಡಿಸಿ ಹೇಳಬೇಕು. ಅಟ್ಟದಿಂದ ಇಳಿಯುವ ಗಿಟಾರ್‌ಗಳಲ್ಲಿ ಹೆಚ್ಚಿನವು ನಿಧಿಯಲ್ಲ. ಆ ಕಾಲದ ಮಧ್ಯಮವರ್ಗದ ಅನೇಕ ಅಮೆರಿಕನ್ನರು ಗಿಟಾರ್ ತರಿಸುತ್ತಿದ್ದದ್ದು ಸಿಯರ್ಸ್ ಕಂಪನಿಯ ಕ್ಯಾಟಲಾಗ್ ನೋಡಿ, ಅಂಚೆಯಲ್ಲಿ. ಸಿಯರ್ಸ್ ಅವಕ್ಕೆ ‘ಸಿಲ್ವರ್‌ಟೋನ್’ ಎಂಬ ಹೆಸರು ಅಂಟಿಸಿ ಮಾರುತ್ತಿತ್ತು. ತಯಾರಿಸಿ ಕೊಡುತ್ತಿದ್ದವರು ಷಿಕಾಗೋದ ಹಾರ್ಮನಿ, ಕೇ ಮತ್ತು ನ್ಯೂಜೆರ್ಸಿಯ ಡ್ಯಾನಿಲೆಕ್ಟ್ರೊದಂಥ ಕಂಪನಿಗಳು. ಹಾರ್ಮನಿ ಗಿಟಾರ್‌ನ ನಡುವಿನ ದುಂಡು ತೂತಿನಲ್ಲಿ ಟಾರ್ಚ್ ಹಾಕಿ ನೋಡಿದರೆ ಮರದ ಮೇಲೆ ‘ಎಫ್-64’ ಎಂಬಂಥ ಮಸುಕು ಮುದ್ರೆ ಕಾಣುತ್ತದೆ. ಆ 64 ತಯಾರಾದ ವರ್ಷ. ಇಂಥ ಗಿಟಾರ್‌ಗಳ ಬೆಲೆ ಸಾಮಾನ್ಯವಾಗಿ ಕೆಲವು ನೂರು ಡಾಲರ್, ಅಷ್ಟೇ.

ಹಾಗೆಂದು ಅವನ್ನು ಕಡೆಗಣಿಸುವುದೂ ತಪ್ಪು. ಡ್ಯಾನಿಲೆಕ್ಟ್ರೊ 1960ರ ದಶಕದಲ್ಲಿ ಸಿಯರ್ಸ್‌ಗೆ ಮಾಡಿಕೊಟ್ಟ ಒಂದು ಸಿಲ್ವರ್‌ಟೋನ್‌ನಲ್ಲಿ ಗಿಟಾರ್ ಇಡುವ ಪೆಟ್ಟಿಗೆಯೊಳಗೇ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಇವೆ. ಪೆಟ್ಟಿಗೆ ತೆರೆದು ನಿಲ್ಲಿಸಿ, ವೈರ್ ಸಿಕ್ಕಿಸಿದರೆ ಕಛೇರಿ ಶುರು. ಗಿಟಾರ್‌ನ ಮೈಯನ್ನು ಮ್ಯಾಸೊನೈಟ್ ಎಂಬ ಒತ್ತಿದ ಮರದ ನಾರಿನ ಹಲಗೆಯಿಂದ ಮಾಡಿದ್ದರು. ತಂತಿಯ ನಾದ ಹಿಡಿಯುವ ಪಿಕಪ್‌ಗೆ ಲಿಪ್‌ಸ್ಟಿಕ್ ಕೊಳವೆಯನ್ನೇ ಹೊದಿಸಿದ್ದರು. ಅಗ್ಗದ ಸರಕು ನಿಜ. ಆದರೆ ಪೆಟ್ಟಿಗೆ, ಗಿಟಾರ್ ಎರಡೂ ಜೊತೆಯಾಗಿ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಅದನ್ನು ಹುಡುಕಿಕೊಂಡು ಬರುವವರು ಇದ್ದಾರೆ.

ದೊಡ್ಡ ಬೆಲೆ ಸಿಗುವುದು ಮುಖ್ಯವಾಗಿ ಮೂರು ಹೆಸರುಗಳಿಗೆ: ಮಾರ್ಟಿನ್, ಗಿಬ್ಸನ್, ಫೆಂಡರ್. ಗುರುತು ಹಿಡಿಯುವ ಬಗೆ ಮೂರರಲ್ಲೂ ಬೇರೆ ಬೇರೆ.

ಮಾರ್ಟಿನ್ ಸುಲಭದ್ದು. ಜರ್ಮನಿಯಿಂದ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಈ ಕಂಪನಿ ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನ್ಯಾಜರೆತ್‌ಗೆ ಸ್ಥಳಾಂತರಗೊಂಡಿತು. ಇಂದಿಗೂ ಅಲ್ಲಿಯೇ ಇದೆ. 1898ರಲ್ಲಿ 8000ದಿಂದ ಎಣಿಸಲು ಶುರುಮಾಡಿ ಪ್ರತಿ ಗಿಟಾರ್‌ಗೂ ಕ್ರಮಸಂಖ್ಯೆ ಒತ್ತುತ್ತ ಬಂದರು. ಕತ್ತು ಮೈಗೆ ಸೇರುವಲ್ಲಿ ಒಳಗಡೆ ಒಂದು ಮರದ ತುಂಡು ಇರುತ್ತದೆ. ಸಣ್ಣ ಕನ್ನಡಿ, ಟಾರ್ಚ್ ಹಿಡಿದು ನೋಡಿದರೆ ಸಂಖ್ಯೆ ಅಲ್ಲಿ ಕಾಣುತ್ತದೆ. 1930ರ ಅಕ್ಟೋಬರ್‌ನಿಂದ ಮಾದರಿಯ ಹೆಸರನ್ನೂ ಅಲ್ಲೇ ಒತ್ತಲಾಯಿತು. 1940ರ ಕೊನೆಗೆ 76 ಸಾವಿರ ದಾಟಿದ್ದ ಸಂಖ್ಯೆ 1950ರ ಕೊನೆಗೆ 1 ಲಕ್ಷ 17 ಸಾವಿರ ಮುಟ್ಟಿತ್ತು. ಈ ಪಟ್ಟಿಯನ್ನು ಕಂಪನಿಯೇ ಪ್ರಕಟಿಸಿರುವುದರಿಂದ ವರ್ಷ ತಿಳಿಯಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಮಾರ್ಟಿನ್‌ನ ಡಿ-28 ಎಂಬ ಒಂದೇ ಮಾದರಿಯಲ್ಲೂ ಕೆಲವೇ ವರ್ಷಗಳ ಅಂತರ ಬೆಲೆಯನ್ನು ಹಲವು ಪಟ್ಟು ಏರಿಳಿಸುತ್ತದೆ. 1944ರ ತನಕ ಒಳಗಿನ ಆಧಾರಪಟ್ಟಿಗಳನ್ನು ಕೆತ್ತಿ ತೆಳುವಾಗಿಸುತ್ತಿದ್ದರು, ಹಾಗಾಗಿ ಮೇಲಿನ ಹಲಗೆ ಹಗುರವಾಗಿ ಅದುರಿ ನಾದ ತುಂಬಿ ಬರುತ್ತಿತ್ತು. ಅಂಚಿನಲ್ಲಿ ಮೀನಿನ ಮುಳ್ಳಿನ ಹಾಗೆ ಓರೆ ಗೆರೆಗಳ ಕುಸುರಿ 1947ರ ತನಕ ಇತ್ತು. ಇವೆರಡೂ ಇರುವ ಮಹಾಯುದ್ಧಪೂರ್ವದ ಡಿ-28ಕ್ಕೆ ಐವತ್ತು ಸಾವಿರ ಡಾಲರಿಗೂ ಮೀರಿ ಬೆಲೆ ಬರುವುದುಂಟು. ಅದಕ್ಕಿಂತ ಮೇಲಿನದು ಡಿ-45. 1933ರಿಂದ 1942ರ ತನಕ ಮಾಡಿದ್ದು 91 ಮಾತ್ರ. ಮೊದಲನೆಯದು ಹಾಡುವ ಕೌಬಾಯ್ ಎಂದು ಹೆಸರಾದ ಸಿನಿಮಾ ನಟ ಜೀನ್ ಆಟ್ರಿಗೆ ಮಾಡಿಕೊಟ್ಟದ್ದು. ಅವುಗಳ ಬೆಲೆ ಈಗ ಲಕ್ಷಗಟ್ಟಲೆ ಡಾಲರ್.

ಗಿಬ್ಸನ್ ತಲೆ ತಿನ್ನುತ್ತದೆ. ಮಿಷಿಗನ್‌ನ ಕಲಮಜೂನಲ್ಲಿದ್ದ ಅದರ ಕಾರ್ಖಾನೆ 1960ರ ದಶಕದಲ್ಲಿ ಒಂದೇ ಕ್ರಮಸಂಖ್ಯೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ಬಳಸಿತು. ಸಂಖ್ಯೆ ನೋಡಿ 1963 ಎಂದು ಹಿಗ್ಗಿದವರ ಗಿಟಾರ್ 1967ರದ್ದಾಗಿರಬಹುದು. ಆದ್ದರಿಂದ ಬೇರೆ ಕುರುಹು ಹುಡುಕಬೇಕು. ತಂತಿಗಳು ತಲೆಯಿಂದ ಕತ್ತಿಗೆ ಇಳಿಯುವ ಕಡೆ ಇರುವ ಪಟ್ಟಿಯ ಅಗಲ 1965ರಲ್ಲಿ ಕಿರಿದಾಯಿತು. ತಲೆಯ ಹಿಂದೆ ‘ಮೇಡ್ ಇನ್ ಯುಎಸ್‌ಎ’ ಎಂದು ಒತ್ತಿದ್ದರೆ ಅದು 1970ರ ಆಚೀಚಿನದು ಅಥವಾ ಆಮೇಲಿನದು. 1977ರಿಂದ ಮಾತ್ರ ಎಂಟಂಕಿಯ ಒಂದು ಕ್ರಮ ಬಂತು. ಉದಾಹರಣೆಗೆ 82765501 ಎಂಬ ಸಂಖ್ಯೆಯ ಮೊದಲ ಮತ್ತು ಐದನೆಯ ಅಂಕಿ ಸೇರಿದರೆ 85, ನಡುವಿನ 276 ಆ ವರ್ಷದ ದಿನ. ಅಂದರೆ ಅದು 1985ರ ಅಕ್ಟೋಬರ್ 3ರಂದು ತಯಾರಾದ ಗಿಟಾರ್.

ಇನ್ನು ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೊ ಫೆಂಡರ್ ಮಾಡಿದ ಟೆಲಿಕ್ಯಾಸ್ಟರ್, ಸ್ಟ್ರಾಟೊಕ್ಯಾಸ್ಟರ್‌ಗಳ ಕತ್ತನ್ನು ಅಂಟಿನಿಂದ ಕೂಡಿಸಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದಾರೆ. ಬಿಚ್ಚಿದರೆ ಕತ್ತಿನ ಬುಡದಲ್ಲಿ ತಿಂಗಳು, ವರ್ಷ ಬರೆದಿರುತ್ತದೆ. 1962ರ ಮೊದಲ ತಿಂಗಳುಗಳ ತನಕ ಅದು ಪೆನ್ಸಿಲ್ ಬರಹ, ಆಮೇಲೆ ರಬ್ಬರ್ ಮುದ್ರೆ. ವಾಲ್ಯೂಮ್ ಗುಂಡಿಯ ಅಡಿಯಲ್ಲಿರುವ ಲೋಹದ ಬಿಲ್ಲೆಯ ಮೇಲೂ ಅಂಕಿಗಳಿರುತ್ತವೆ. 1376632 ಎಂದಿದ್ದರೆ 137 ಅದನ್ನು ತಯಾರಿಸಿದ ಸಿಟಿಎಸ್ ಕಂಪನಿಯ ಸಂಕೇತ, 66 ವರ್ಷ, 32 ವಾರ. ಆದರೆ ಇಲ್ಲೂ ಎಚ್ಚರ ಬೇಕು. ಫೆಂಡರ್ 1966ರಲ್ಲಿ ಈ ಬಿಡಿಭಾಗಗಳನ್ನು ರಾಶಿಗಟ್ಟಲೆ ಕೊಂಡು ಹಲವು ವರ್ಷ ಬಳಸಿತು. ಆ ಅಂಕಿಗಳಿಂದ ತಿಳಿಯುವುದು ಗಿಟಾರ್ ಅದಕ್ಕಿಂತ ಹಳೆಯದಾಗಿರಲಾರದು ಎಂಬುದಷ್ಟೇ.

ಇಷ್ಟು ಓದಿದವರಿಗೆ ಸ್ಕ್ರೂಡ್ರೈವರ್ ಹಿಡಿಯುವ ಆಸೆ ಹುಟ್ಟೀತು. ಬೇಡ. ಬಿಚ್ಚುವಾಗ ಸ್ಕ್ರೂನ ತಲೆ ಸವೆಯುತ್ತದೆ, ಕತ್ತಿನ ಬುಡದ ಬಣ್ಣ ಚಕ್ಕೆ ಏಳುತ್ತದೆ. ಅರವತ್ತು ವರ್ಷ ಯಾರೂ ಮುಟ್ಟದ ಬೆಸುಗೆಯೇ ಮೂಲ ಭಾಗಗಳಿಗೆ ಸಾಕ್ಷಿ. ಕಾಯಿಸಿದ ಕಾವಿಗೆ ಅದು ಹೋಯಿತೆಂದರೆ ಮತ್ತೆ ಬರುವುದಿಲ್ಲ. ಬಿಚ್ಚುವ ಕೆಲಸವನ್ನು ಹಳೆಯ ಗಿಟಾರ್ ರಿಪೇರಿಯಲ್ಲಿ ಪಳಗಿದವರಿಗೆ ಬಿಡಬೇಕು. ಬಿಚ್ಚಿದಾಗ ಎದುರಿಗೆ ನಿಂತು ಫೋಟೊ ತೆಗೆದುಕೊಳ್ಳಬೇಕು.

ಫೆಂಡರ್ ವಿಷಯದಲ್ಲಿ ಎಲ್ಲರ ಬಾಯಲ್ಲೂ ಬರುವ ಗಡಿರೇಖೆ 1965ರ ಜನವರಿ. ಲಿಯೊ ಫೆಂಡರ್ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಸಿಬಿಎಸ್‌ಗೆ ಮಾರಿದ್ದು ಆಗ. ಬೀಟಲ್ಸ್ ಎಬ್ಬಿಸಿದ ಅಲೆ ಕಂಡೇ ಟಿವಿ ಕಂಪನಿಯೊಂದು ಗಿಟಾರ್ ಕಾರ್ಖಾನೆಗೆ ಅಷ್ಟು ದುಡ್ಡು ಸುರಿದದ್ದು. ಆಮೇಲೆ ಉತ್ಪಾದನೆ ಹಿಗ್ಗಿ ಗುಣಮಟ್ಟ ಇಳಿಯಿತು ಎಂಬುದು ಸಂಗ್ರಹಕಾರರ ಗಟ್ಟಿ ನಂಬಿಕೆ. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆಯೂ ಇದೆ, 1965ರ ಎಷ್ಟೋ ಗಿಟಾರ್‌ಗಳು ಹಿಂದಿನ ವರ್ಷದ್ದಕ್ಕೆ ಏನೂ ಕಡಿಮೆಯಿಲ್ಲ. ಪೇಟೆ ಮಾತ್ರ ಆ ಗೆರೆಯನ್ನು ನಂಬಿಯೇ ಬೆಲೆ ಕಟ್ಟುತ್ತದೆ.

ಪೇಟೆ ಎಷ್ಟು ವಿಚಿತ್ರವಾಗಿ ನಡೆಯುತ್ತದೆ ಎಂಬುದಕ್ಕೆ ಗಿಬ್ಸನ್‌ನ ಲೆಸ್ ಪಾಲ್ ಮಾದರಿಯ ಕತೆ ಕೇಳಬೇಕು. 1952ರಲ್ಲಿ ಚಿನ್ನದ ಬಣ್ಣದಲ್ಲಿ ಬಂದ ಈ ಗಿಟಾರ್‌ಗೆ 1958ರಲ್ಲಿ ನಡುವೆ ಹಳದಿ, ಅಂಚಿಗೆ ಹೋಗುತ್ತ ಕೆಂಪಾಗುವ ಸನ್‌ಬರ್ಸ್ಟ್ ಬಣ್ಣ ಕೊಟ್ಟರು. ಅಂಗಡಿ ಬೆಲೆ ಮುನ್ನೂರು ಡಾಲರಿಗೂ ಕಡಿಮೆಯಿತ್ತು. ಕೊಳ್ಳುವವರು ಬರಲಿಲ್ಲ. ಸುಮಾರು 1,500 ಮಾಡಿ 1960ರಲ್ಲಿ ನಿಲ್ಲಿಸಿಬಿಟ್ಟರು. ಆಮೇಲೆ ಗಿಟಾರ್ ವಾದಕರಾದ ಎರಿಕ್ ಕ್ಲಾಪ್ಟನ್, ಮೈಕ್ ಬ್ಲೂಮ್‌ಫೀಲ್ಡ್, ಜಿಮ್ಮಿ ಪೇಜ್ ಅದನ್ನೇ ಎತ್ತಿಕೊಂಡರು. ಅದರ ಪಿಕಪ್‌ಗಳಿಂದ ಹೊರಟ ದಪ್ಪ, ಬಿಸಿ ನಾದ ಬ್ಲೂಸ್ ಮತ್ತು ರಾಕ್ ಸಂಗೀತದ ದನಿಯನ್ನೇ ಬದಲಿಸಿತು. ಯಾರಿಗೂ ಬೇಡವಾಗಿದ್ದ ಗಿಟಾರ್ ಈಗ ಹಲವು ಲಕ್ಷ ಡಾಲರ್ ಬಾಳುತ್ತದೆ. ಆ ಕೆಂಪು ಬಣ್ಣ ಬಿಸಿಲಿಗೆ ನಿಲ್ಲುವಂಥದ್ದಲ್ಲ, ಅಂಗಡಿಯ ಗಾಜಿನ ಕಪಾಟಿನಲ್ಲಿ ನಿಂತವು ಕೆಲವೇ ವರ್ಷಗಳಲ್ಲಿ ನಿಂಬೆ, ಜೇನು, ಚಹಾದ ಬಣ್ಣಗಳಿಗೆ ತಿರುಗಿದವು. ಎರಡು ಗಿಟಾರ್‌ಗಳ ಬಣ್ಣ ಒಂದೇ ತೆರನಾಗಿ ಮಾಸಿಲ್ಲ. ಹಾಗಾಗಿ ಬಲ್ಲವರು ಒಂದೊಂದನ್ನೂ ಮುಖ ನೋಡಿ ಗುರುತಿಸುತ್ತಾರೆ. ಇಷ್ಟು ಬೆಲೆ ಇದ್ದ ಮೇಲೆ ನಕಲಿಗಳೂ ಹುಟ್ಟಿಕೊಂಡಿವೆ. 1959ರ ಲೆಸ್ ಪಾಲ್ ಎಂದು ಯಾರಾದರೂ ಹೇಳಿದರೆ ಮೊದಲು ಅನುಮಾನ ಪಡುವುದೇ ಸರಿ.

ಮೂಲಸ್ಥಿತಿಯ ಲೆಕ್ಕ ಎಷ್ಟು ಕಟ್ಟುನಿಟ್ಟೆಂದರೆ, ಬಣ್ಣ ಮತ್ತೆ ಹೊಡೆಸಿದ ಗಿಟಾರ್‌ನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗಿಬ್ಸನ್‌ನ ತಲೆ ಹಿಂದಕ್ಕೆ ಬಾಗಿರುವುದರಿಂದ ಬಿದ್ದಾಗ ಕತ್ತು ಮುರಿಯುವುದು ಸಾಮಾನ್ಯ. ಎಷ್ಟೇ ನಾಜೂಕಾಗಿ ಅಂಟಿಸಿದ್ದರೂ ಅದಕ್ಕೂ ಅದೇ ಗತಿ. ಮರೆಮಾಚಿದ ರಿಪೇರಿಯನ್ನು ಕಂಡುಹಿಡಿಯಲು ವ್ಯಾಪಾರಿಗಳು ಕತ್ತಲ ಕೋಣೆಯಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿಯುತ್ತಾರೆ. ಹಳೆಯ ನೈಟ್ರೊಸೆಲ್ಯುಲೋಸ್ ಮೆರುಗು ಆ ಬೆಳಕಿಗೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ಹೊಸದಾಗಿ ಬಳಿದ ಜಾಗ ಕಪ್ಪು ತೇಪೆಯಂತೆ ಬೇರೆಯಾಗಿ ಕಾಣುತ್ತದೆ. ಫ್ರೆಟ್ ಎಂಬ ಲೋಹದ ಮೆಟ್ಟುಗಳನ್ನು ಬದಲಿಸಿದ್ದರೆ ಮಾತ್ರ ಅಷ್ಟು ನಷ್ಟವಿಲ್ಲ. ನುಡಿಸಿದಂತೆ ಸವೆಯುವ ಭಾಗವದು. ಹೊಟ್ಟೆಯ ಮೇಲಿನ ಗೀರು, ಬೆಲ್ಟಿನ ಬಕಲ್ ತಾಗಿ ಹಿಂದೆ ಎದ್ದ ತರಚು, ಬೆರಳಿಗೆ ಸವೆದ ಕತ್ತು, ಇವನ್ನೆಲ್ಲ ಪೇಟೆ ಕ್ಷಮಿಸುತ್ತದೆ.

ಪೆಟ್ಟಿಗೆಯನ್ನೂ ಎಸೆಯಬಾರದು. ಹಳೆಯ ಲೆಸ್ ಪಾಲ್‌ನ ಕಂದು ಪೆಟ್ಟಿಗೆ, ಒಳಗಿನ ಗುಲಾಬಿ ಬಣ್ಣದ ಮೆತ್ತೆ ಸಮೇತ ಬಿಡಿಯಾಗಿಯೇ ಸಾವಿರಾರು ಡಾಲರಿಗೆ ಹೋಗುತ್ತದೆ. ಅದರ ಜೇಬಿನಲ್ಲಿ ಅಂಗಡಿಯ ರಸೀದಿ, ಕಂತಿನ ಪುಸ್ತಕ, ಬೆಲೆಚೀಟಿ, ಬೀಗದ ಕೈ, ಹಳೆಯ ಹೆಗಲಪಟ್ಟಿ ಇದ್ದರೆ ಎಲ್ಲವೂ ದಾಖಲೆ. ಬೀಟಲ್ಸ್‌ನ ಜಾನ್ ಲೆನನ್ 1965ರಲ್ಲಿ ‘ಹೆಲ್ಪ್’ ಆಲ್ಬಮ್ಮಿಗೆ ನುಡಿಸಿದ ಫ್ರೇಮಸ್ ಕಂಪನಿಯ ಹನ್ನೆರಡು ತಂತಿಯ ಗಿಟಾರ್ ಸುಮಾರು ಅರ್ಧ ಶತಮಾನ ಇಂಗ್ಲೆಂಡಿನ ಒಂದು ಅಟ್ಟದಲ್ಲಿತ್ತು. ಮನೆ ಬದಲಿಸುವಾಗ ಸಿಕ್ಕಿತು. ನೋಡಲು ಬಂದ ಹರಾಜು ಸಂಸ್ಥೆಯವರು ಅದರ ಮೂಲ ಪೆಟ್ಟಿಗೆಯನ್ನು ಕಸದ ರಾಶಿಯಿಂದ ಎತ್ತಿಕೊಂಡರು. ಹಳೆಯ ಫೋಟೊಗಳಲ್ಲಿ ಕಾಣುವ ಮರದ ಎಳೆಗಳನ್ನು ಗಿಟಾರ್‌ನ ಎಳೆಗಳೊಂದಿಗೆ ಹೋಲಿಸಿ ಅದು ಅದೇ ಎಂದು ಖಚಿತಪಡಿಸಿದರು. 2024ರ ಮೇ ತಿಂಗಳಲ್ಲಿ ಅದು 28 ಲಕ್ಷ 57 ಸಾವಿರದ 500 ಡಾಲರಿಗೆ ಹರಾಜಾಯಿತು.

ಬೀಟಲ್ಸ್‌ನದೇ ಇನ್ನೊಂದು ವಾದ್ಯದ ಕತೆ ವಾರಸುದಾರರಿಗೆ ಬೇರೆಯದನ್ನು ಕಲಿಸುತ್ತದೆ. ಪಾಲ್ ಮಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡ್ ಕೊಟ್ಟು ಕೊಂಡಿದ್ದ ಹಾಫ್ನರ್ ಬೇಸ್ ಗಿಟಾರ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನೊಂದರಿಂದ ಕಳುವಾಯಿತು. ಕೈಯಿಂದ ಕೈಗೆ ದಾಟಿ ಕೊನೆಗೆ ಒಂದು ಕುಟುಂಬದ ಅಟ್ಟ ಸೇರಿತು. ಅದಕ್ಕಾಗಿ ನಡೆದಿದ್ದ ಹುಡುಕಾಟದ ಸುದ್ದಿ ತಿಳಿದ ಮೇಲೆ ಆ ಮನೆಯವರು ಅದನ್ನು ಮಕಾರ್ಟ್ನಿಗೆ ಹಿಂತಿರುಗಿಸಿದರು. 2024ರ ಫೆಬ್ರವರಿಯಲ್ಲಿ ಇದು ಲೋಕಕ್ಕೆ ತಿಳಿಯಿತು. ಕದ್ದ ಮಾಲು ತಲೆಮಾರು ದಾಟಿತೆಂಬ ಕಾರಣಕ್ಕೇ ವಾರಸುದಾರರ ಸ್ವತ್ತಾಗಿಬಿಡುವುದಿಲ್ಲ. ಅದಕ್ಕೇ ಗಿಟಾರ್ ಮನೆಗೆ ಬಂದ ಬಗೆಯನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಯಾವ ಅಂಗಡಿ, ಯಾವ ವರ್ಷ, ಯಾರ ಕೈಯಿಂದ ಎಂಬ ವಿವರ ಬೇಕು. ಅಪ್ಪ ಅದನ್ನು ಹಿಡಿದು ನಿಂತ ಒಂದು ಫೋಟೊ ಸಿಕ್ಕರೆ ಇನ್ನೂ ಒಳ್ಳೆಯದು. ಅಪ್ಪ ಹೆಸರಾಂತ ಕಲಾವಿದನಲ್ಲದಿದ್ದರೆ ಕತೆಯಿಂದಲೇ ಬೆಲೆ ಏರುವುದಿಲ್ಲ, ಆದರೆ ಒಬ್ಬನೇ ಒಡೆಯನ ಬಳಿ ಇದ್ದ ಗಿಟಾರ್ ಎಂಬ ಪುರಾವೆ ಕೊಳ್ಳುವವರ ಅಳುಕು ಕಳೆಯುತ್ತದೆ.

ಬೆಲೆ ಕಟ್ಟಿಸುವಾಗ ಯಾವ ಬೆಲೆ ಎಂದು ಮೊದಲೇ ಹೇಳಿ ಕೇಳಬೇಕು. ವಿಮೆಗೆ ಬರೆದುಕೊಡುವ ಮೊತ್ತ ಅಂಗಡಿಯಲ್ಲಿ ಅಂಥದ್ದೇ ಇನ್ನೊಂದನ್ನು ಕೊಳ್ಳಲು ಬೇಕಾದದ್ದು, ಆದ್ದರಿಂದ ಮೇಲಿರುತ್ತದೆ. ಮಾರಿದಾಗ ಅಷ್ಟು ಕೈಗೆ ಬರುವುದಿಲ್ಲ. ಅಮೆರಿಕದ ತೆರಿಗೆ ಕಾನೂನಿನಲ್ಲಿ ಒಡೆಯರು ತೀರಿಕೊಂಡ ದಿನದ ಪೇಟೆ ಬೆಲೆಯೇ ವಾರಸುದಾರರಿಗೆ ಮೂಲಬೆಲೆಯಾಗುತ್ತದೆ. ಅಪ್ಪ 1959ರಲ್ಲಿ ಇನ್ನೂರು ಚಿಲ್ಲರೆ ಡಾಲರಿಗೆ ಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಆ ದಿನಾಂಕಕ್ಕೆ ಹೊಂದುವ ಲಿಖಿತ ಮೌಲ್ಯಮಾಪನ ಮಾಡಿಸಿಟ್ಟರೆ ಮುಂದೆ ತೆರಿಗೆಯಲ್ಲಿ ಉಳಿತಾಯ. ನ್ಯಾಶ್‌ವಿಲ್‌ನಲ್ಲಿ ಜಾರ್ಜ್ ಗ್ರೂನ್ 1970ರಲ್ಲಿ ತೆರೆದ ಅಂಗಡಿ, ಮಿಷಿಗನ್‌ನ ಎಲ್ಡರ್ಲಿ ಇನ್‌ಸ್ಟ್ರುಮೆಂಟ್ಸ್ ಈ ಕ್ಷೇತ್ರದಲ್ಲಿ ಹೆಸರು ಮಾಡಿದವು. ಗ್ರೂನ್ ಮತ್ತು ವಾಲ್ಟರ್ ಕಾರ್ಟರ್ ಬರೆದ ಗುರುತಿನ ಕೈಪಿಡಿ ವ್ಯಾಪಾರಿಗಳ ಮೇಜಿನ ಮೇಲೆ ಸದಾ ಇರುತ್ತದೆ. ಬೆಲೆ ಹುಡುಕುವವರು ಜಾಹೀರಾತಿನಲ್ಲಿ ಕೇಳಿರುವ ಬೆಲೆಯನ್ನು ಬಿಟ್ಟು, ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕು. 2008ರ ಆರ್ಥಿಕ ಕುಸಿತದಲ್ಲಿ ಈ ಪೇಟೆಯೂ ಬಿದ್ದಿತ್ತು, ಮೇಲೇಳಲು ವರ್ಷಗಳೇ ಹಿಡಿದವು.

ಬೆಲೆ ಕಟ್ಟುವವರೇ ಕೊಳ್ಳುವವರೂ ಆದರೆ ಇನ್ನೊಬ್ಬರನ್ನು ಕೇಳುವುದು ಜಾಣತನ. ಇದರಲ್ಲಿ ಸಂಕೋಚ ಬೇಡ. ವ್ಯಾಪಾರಿಗೆ ನೇರ ಕೊಟ್ಟರೆ ಅಂಗಡಿ ಬೆಲೆಯ ಅರ್ಧ ಅಥವಾ ತುಸು ಹೆಚ್ಚು ಸಿಗುತ್ತದೆ, ಹಣ ಮಾತ್ರ ಅಂದೇ ಕೈಗೆ. ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟು ಮಾರಿದ ಮೇಲೆ ಕಮಿಷನ್ ಕೊಡುವುದಾದರೆ ಹೆಚ್ಚು ಬರುತ್ತದೆ, ಕಾಯಬೇಕು. ಸಾವಿರ ಎರಡು ಸಾವಿರ ಡಾಲರಿನ ಗಿಟಾರ್‌ಗೆ 2013ರಲ್ಲಿ ಷಿಕಾಗೋದಲ್ಲಿ ಶುರುವಾದ ರಿವರ್ಬ್‌ನಂಥ ಆನ್‌ಲೈನ್ ಪೇಟೆ ಸಾಕು. ಹರಾಜು ಮನೆಗಳು ಹೊಂದುವುದು ಅಪರೂಪದವಕ್ಕೆ ಮತ್ತು ಕಲಾವಿದರ ಹೆಸರಿನ ನಂಟಿರುವವಕ್ಕೆ. ಕಳಿಸುವಾಗ ತಂತಿ ಸಡಿಲಿಸಿ, ಪೆಟ್ಟಿಗೆಯೊಳಗೆ ತಲೆಯ ಕೆಳಗೂ ಅಕ್ಕಪಕ್ಕಕ್ಕೂ ಕಾಗದ ತುರುಕಿ ಅಲುಗದಂತೆ ಮಾಡಬೇಕು. ಗಿಬ್ಸನ್‌ಗಳ ಕತ್ತು ಸಾಗಣೆಯಲ್ಲೂ ಮುರಿಯುವುದುಂಟು.

ದೇಶದ ಗಡಿ ದಾಟಿಸುವುದಾದರೆ ಮರವನ್ನು ನೋಡಬೇಕು. 1969ರ ತನಕ ಡಿ-28ರ ಹಿಂಬದಿ ಮತ್ತು ಪಕ್ಕದ ಹಲಗೆಗಳು ಬ್ರೆಜಿಲ್ ರೋಸ್‌ವುಡ್‌ನವು. ಬ್ರೆಜಿಲ್ ಸರ್ಕಾರ ದಿಮ್ಮಿಗಳ ರಫ್ತಿಗೆ ಅಡ್ಡಿ ಹಾಕಿದಾಗ ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ತಿರುಗಿತು. ಅದು ನಮ್ಮ ಬೀಟೆ ಮರ. ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕುಶಲಕರ್ಮಿಗಳು ಚಿತ್ರ ಕೂಡಿಸುವ ಅದೇ ಜಾತಿ. ಬ್ರೆಜಿಲ್ ಮರದಲ್ಲಿ ಕಪ್ಪು ಗೆರೆಗಳು ಜೇಡರ ಬಲೆಯಂತೆ ಹರಡಿರುತ್ತವೆ. ಬೀಟೆಯ ಎಳೆ ನೇರ, ಬಣ್ಣ ನೇರಳೆ ಬೆರೆತ ಕಂದು. ನಾದದಲ್ಲಿ ಬೀಟೆ ಕೀಳು ಎನ್ನುವವರ ಮಾತಿಗೆ ಹೆಚ್ಚು ಆಧಾರವಿಲ್ಲ, ಆದರೂ ಬ್ರೆಜಿಲ್ ಮರದ ಗಿಟಾರ್‌ಗೆ ಬೆಲೆ ಬಹಳ ಹೆಚ್ಚು. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದ 1992ರಲ್ಲಿ ಬ್ರೆಜಿಲ್ ಮರವನ್ನು ಅತಿ ಕಠಿಣ ಪಟ್ಟಿಗೆ ಸೇರಿಸಿತು. ಬೀಟೆ ಸೇರಿದಂತೆ ರೋಸ್‌ವುಡ್‌ನ ಉಳಿದೆಲ್ಲ ಜಾತಿಗಳಿಗೂ 2017ರ ಜನವರಿಯಲ್ಲಿ ನಿಯಂತ್ರಣ ಬಂತು. ಸಂಗೀತಗಾರರು, ತಯಾರಕರು ಪಟ್ಟು ಹಿಡಿದು ಕೇಳಿದ ಮೇಲೆ 2019ರ ನವೆಂಬರ್‌ನಿಂದ ಬ್ರೆಜಿಲ್ ಜಾತಿಯೊಂದನ್ನು ಬಿಟ್ಟು ಉಳಿದವುಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹೀಗಾಗಿ ಅಮೆರಿಕದಲ್ಲಿ ನೆಲೆಸಿ ಬೆಂಗಳೂರಿಗೆ ಮರಳುವ ಕನ್ನಡ ಕುಟುಂಬದ ಬಳಿ 1972ರ ಡಿ-28 ಇದ್ದರೆ ಸೈಟಿಸ್ ಅನುಮತಿಯ ತೊಡಕಿಲ್ಲ. 1968ರದ್ದಾದರೆ ಗಿಟಾರ್ ಮನೆಯಿಂದ ಹೊರಡುವ ಮೊದಲೇ ಅನುಮತಿ ಪತ್ರ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಕಸ್ಟಮ್ಸ್‌ನವರು ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು.